ಕ್ಲಿಕ್ ಇಲ್ಲದೆ ಹಾಡಿದ ಹಾಡಿಗೆ ಟೆಂಪೊ ಕೂರಿಸುವುದು

ಭಾವಗೀತೆ ಹಾಡುವವರು ಎಷ್ಟೋ ಜನ ಕ್ಲಿಕ್ (ಟಿಕ್ ಟಿಕ್ ಅಂತ ವೇಗ ಹೇಳುವ ಮೆಟ್ರೊನೋಮ್ ಸದ್ದು) ಇಟ್ಟುಕೊಳ್ಳುವುದಿಲ್ಲ. ಹಾರ್ಮೋನಿಯಂ, ತಬಲಾ ಜೊತೆ ಒಂದೇ ಟೇಕ್‌ನಲ್ಲಿ ಹಾಡಿ ಫೈಲ್ ಕಳಿಸುತ್ತಾರೆ, ಇದಕ್ಕೆ ಬಾಸ್, ಸ್ಟ್ರಿಂಗ್ಸ್ ಸೇರಿಸಿ ಅಂತಾರೆ. ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರಾಜೆಕ್ಟ್ ತೆರೆದರೆ ಅದರ ಟೆಂಪೊ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ವೇಗ, 120ರಲ್ಲಿ ಕೂತಿರುತ್ತದೆ.

ಮೊದಲು ಲೆಕ್ಕ ಹಾಕೋಣ. ಕೆಹರ್ವಾ ಎಂಟು ಮಾತ್ರೆಯ (ಬೀಟ್‌ನ) ತಾಳ. ಅದರ ಎರಡು ಆವರ್ತನ (ಸುತ್ತು), ಅಂದರೆ 16 ಮಾತ್ರೆ, 10.4 ಸೆಕೆಂಡ್ ಹಿಡಿದರೆ 16ನ್ನು 60ರಿಂದ ಗುಣಿಸಿ 10.4ರಿಂದ ಭಾಗಿಸಿ: 92.3 ಬರುತ್ತದೆ. ಸುಮ್ನೆ 92 ಅಂತ ಹಾಕಿಬಿಟ್ಟರೆ ನಾಲ್ಕು ನಿಮಿಷ ಮುಗಿಯುವಷ್ಟರಲ್ಲಿ ಒಂದು ಮಾತ್ರೆಗಿಂತ ಜಾಸ್ತಿ ಆಚೀಚೆ ಆಗಿರುತ್ತದೆ. 92.3 ಹಾಕಿದರೂ ಪೂರ್ತಿ ಕೂರುವುದಿಲ್ಲ, ಯಾಕಂದ್ರೆ ಚರಣಕ್ಕೆ ಬಂದಾಗ ಹಾಡು ಸ್ವಲ್ಪ ಓಡುತ್ತದೆ, ಸಾಲು ಮುಗಿಯುವ ಕಡೆ ಎಳೆಯುತ್ತದೆ. ನಾನು ಅದನ್ನು ಮುಟ್ಟುವುದಿಲ್ಲ. ದನಿಯನ್ನು ಎಳೆದು ಗ್ರಿಡ್‌ಗೆ (ಸ್ಕ್ರೀನ್ ಮೇಲಿನ ಬೀಟ್ ಗೆರೆಗಳಿಗೆ) ಕೂರಿಸಿದರೆ ಗಮಕಗಳೆಲ್ಲ ಸತ್ತುಹೋಗುತ್ತವೆ.

ಹಾಗಾಗಿ ಟೆಂಪೊ ಮ್ಯಾಪ್ ಮಾಡಬೇಕು, ಅಂದರೆ ಹಾಡಿನ ವೇಗ ಬದಲಾದ ಹಾಗೆ ಗ್ರಿಡ್ಡನ್ನೇ ಬದಲಿಸಬೇಕು. ರೀಪರ್ ಸಾಫ್ಟ್‌ವೇರ್‌ನಲ್ಲಾದರೆ ಎಲ್ಲಕ್ಕಿಂತ ಮೊದಲು ಪ್ರಾಜೆಕ್ಟ್ ಸೆಟ್ಟಿಂಗ್ಸ್‌ಗೆ ಹೋಗಿ ಟೈಮ್‌ಬೇಸ್ ಅನ್ನು ‘ಟೈಮ್’ ಅಂತ ಮಾಡಿ. ಅದು ‘ಬೀಟ್ಸ್’ ಆಗಿದ್ದರೆ ನೀವು ಟೆಂಪೊ ಬದಲಿಸಿದಾಗಲೆಲ್ಲ ರೆಕಾರ್ಡಿಂಗೇ ಎಳೆದುಕೊಂಡು ಹೋಗುತ್ತದೆ, ಎಷ್ಟು ಸರಿ ಮಾಡಿದರೂ ಮುಗಿಯುವುದಿಲ್ಲ. ಆಮೇಲೆ ಒಂದು ಸಮದಿಂದ (ಆವರ್ತನದ ಮೊದಲ ಮಾತ್ರೆಯಿಂದ) ಮುಂದಿನ ಸಮದವರೆಗೆ ಸೆಲೆಕ್ಟ್ ಮಾಡಿ, ಆ ಸೆಲೆಕ್ಷನ್‌ನಿಂದ ‘ಮೆಷರ್’ (ಗ್ರಿಡ್‌ನ ಒಂದು ಸುತ್ತು) ಸೃಷ್ಟಿಸುವ ಆಯ್ಕೆ ಕೊಡಿ. ಹೀಗೆ ಆವರ್ತನಕ್ಕೊಂದು ಟೆಂಪೊ ಮಾರ್ಕರ್ ಸಾಕು. ಪ್ರತಿ ಮಾತ್ರೆಗೂ ಹಾಕಿದರೆ ಆಮೇಲೆ ಸೇರಿಸುವ ಬಾಸ್ ಕುಂಟುತ್ತದೆ.

ಹೊಸಬರು ಜಾಸ್ತಿ ಎಡವುವುದು ಎಡುಪಿನಲ್ಲಿ, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗದಲ್ಲಿ. ಎಷ್ಟೋ ಹಾಡುಗಳು ಸಮಕ್ಕಿಂತ ಒಂದೆರಡು ಮಾತ್ರೆ ಮೊದಲೇ ಎತ್ತಿಕೊಳ್ಳುತ್ತವೆ, ಅಲ್ವಾ? ಮೊದಲ ಅಕ್ಷರವನ್ನೇ ಒಂದನೇ ಬೀಟ್ ಅಂತ ಹಿಡಿದರೆ ಇಡೀ ಮ್ಯಾಪ್ ಜರುಗುತ್ತದೆ. ಹಾಡುವವರನ್ನು ಬಿಟ್ಟು ತಬಲಾದ ‘ಧಾ’ ಹುಡುಕಿ. ಮುಂಚೆ ಆಲಾಪ ಇದ್ದರೆ ಅದನ್ನು ಹಾಗೇ ಬಿಡಿ, ಠೇಕಾ (ತಬಲಾದ ತಾಳದ ನುಡಿಕೆ) ಶುರುವಾದ ಕಡೆಯಿಂದ ಗ್ರಿಡ್ ಹಾಕಿ.

ಲಾಜಿಕ್‌ನ ಸ್ಮಾರ್ಟ್ ಟೆಂಪೊ, ಕ್ಯೂಬೇಸ್‌ನ ಟೆಂಪೊ ಡಿಟೆಕ್ಷನ್ ಇದನ್ನೇ ತಾವಾಗಿ ಮಾಡುತ್ತವೆ. ಆದರೆ 75ನ್ನು 150 ಅಂತ ಹಿಡಿಯುವುದು, ದಾದ್ರಾದ ಆರು ಮಾತ್ರೆಯನ್ನು ನಾಲ್ಕರ ಲೆಕ್ಕಕ್ಕೆ ತಳ್ಳುವುದು ಆಗುತ್ತಿರುತ್ತದೆ. ತಾಳ ಯಾವುದು ಅಂತ ನೀವೇ ಹೇಳಬೇಕು. ಏಬಲ್ಟನ್ ಲೈವ್ ಇನ್ನೊಂದು ಥರ: ವಾರ್ಪ್ ಆನ್ ಇದ್ದರೆ ಅದು ಹಾಡನ್ನೇ ಪ್ರಾಜೆಕ್ಟ್ ವೇಗಕ್ಕೆ ಎಳೆಯುತ್ತದೆ, ಅದಕ್ಕೇ ಪ್ರಾಜೆಕ್ಟೇ ಹಾಡಿನ ವೇಗ ಹಿಡಿಯುವಂತೆ ಮಾಡುವ ‘ಟೆಂಪೊ ಲೀಡರ್’ ಆಯ್ಕೆಯನ್ನು ಆ ಕ್ಲಿಪ್‌ಗೆ ಕೊಡಿ.

ಎಲ್ಲ ಆದಮೇಲೆ ಮೆಟ್ರೊನೋಮ್ ಹಾಕಿ, ಸ್ಕ್ರೀನ್ ನೋಡದೆ ಇಡೀ ಹಾಡು ಕೇಳಿ. ಕ್ಲಿಕ್ ‘ಧಾ’ ಒಳಗೆ ಅಡಗಿಹೋದರೆ ಕೂತಿದೆ. ಎರಡು ಸದ್ದಾಗಿ ಕೇಳಿದ ಕಡೆ ನಿಲ್ಲಿಸಿ ಮಾರ್ಕರ್ ಸರಿಸಿ.