ಶಾಲೆಗಳ ಸಿಸ್ಟಂ ಹ್ಯಾಕ್ ಆದರೆ ಹಾನಿ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ಅಮೆರಿಕದಲ್ಲಿ ಒಂದಿಡೀ ಜಿಲ್ಲೆಯ ಶಾಲೆಗಳ ಸಿಸ್ಟಂ ಹ್ಯಾಕ್ ಆಯ್ತು ಅಂತ ಆಗಾಗ ಓದುತ್ತೇವೆ. ಎರಡು ದಿನದಲ್ಲಿ ಎಲ್ಲ ಸರಿಹೋದರೆ ಹಾನಿ ಏನೂ ಆಗಿಲ್ಲ ಅಂತ ತಾನೇ? ಆಗಿದ್ದರೆ ಲೆಕ್ಕ ಹಾಕೋದು ಹೇಗೆ?
(ಒಬ್ಬ ಶಿಕ್ಷಕಿ, ಹೊಸನಗರ ತಾಲೂಕು)

ಮೇಡಂ, ಈ ಪ್ರಶ್ನೆ ಸಾಗರದಿಂದಲೂ ಬಂದಿದೆ, ಸೊರಬದಿಂದಲೂ ಬಂದಿದೆ. ತರಬೇತಿಗೆ ಹೋದಲ್ಲೆಲ್ಲ ಊಟದ ಹೊತ್ತಿಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ನನ್ನ ಉತ್ತರ ಪ್ರತಿ ಸಲವೂ ಒಂದೇ. ಸಿಸ್ಟಂ ಸರಿಹೋಗುವುದು ಬೇರೆ, ಹಾನಿ ಮುಗಿಯುವುದು ಬೇರೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಸುಲಭದ ಭಾಗ ಮೊದಲು. ಯಾವ ಕೆಲಸ ನಿಂತಿತು, ಎಷ್ಟು ದಿನ ನಿಂತಿತು? ಇದನ್ನು ಮಲೆನಾಡಿನ ಶಿಕ್ಷಕರಿಗೆ ಹೇಳಿಕೊಡಬೇಕಾಗಿಲ್ಲ. ಆಷಾಢದ ಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಅಂತಾದಾಗ ಏನೇನು ನಿಲ್ಲುತ್ತದೆ ಎಂಬುದು ನಿಮಗೆ ಬಾಯಿಪಾಠ. ಪಾಠ ನಡೆಯುತ್ತದೆ, ಬಿಸಿಯೂಟ ನಡೆಯುತ್ತದೆ. ಸ್ಯಾಟ್ಸ್ (ಮಕ್ಕಳ ವಿವರ ತುಂಬುವ ಸರ್ಕಾರಿ ತಂತ್ರಾಂಶ) ಎಂಟ್ರಿ, ವಿದ್ಯಾರ್ಥಿವೇತನದ ಕೆಲಸ ನಿಲ್ಲುತ್ತದೆ. ಆ ಪಟ್ಟಿಯನ್ನೇ ಹಾಳೆಯ ಮೇಲೆ ಬರೆದರೆ ಲೆಕ್ಕದ ಮೊದಲ ಪುಟ ಸಿದ್ಧ.

ಪಾಠವೇ ಆನ್‌ಲೈನ್ ಆಗಿದ್ದರೆ ಹೊಡೆತ ಜಾಸ್ತಿ. 2020ರ ನವೆಂಬರ್‌ನಲ್ಲಿ ಅಮೆರಿಕದ ಬಾಲ್ಟಿಮೋರ್ ಕೌಂಟಿಯ ಸರ್ಕಾರಿ ಶಾಲೆಗಳ ಮೇಲೆ ದಾಳಿ ಆಯಿತು. ಕೋವಿಡ್ ಕಾಲ, ಎಲ್ಲರೂ ಮನೆಯಿಂದಲೇ ಕಲಿಯುತ್ತಿದ್ದರು. ಸುಮಾರು 1,15,000 ಮಕ್ಕಳ ತರಗತಿ ನಿಂತಿತು. ಸಿಬ್ಬಂದಿಯೊಬ್ಬರಿಗೆ ಬಂದ ಮೋಸದ ಇಮೇಲ್‌ನಿಂದ ಶುರುವಾದದ್ದು, ರಿಪೇರಿಯ ಖರ್ಚು ಸುಮಾರು 1 ಕೋಟಿ ಡಾಲರ್ ಮುಟ್ಟಿತು. ಆ ದೇಶದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2022ರಲ್ಲಿ ಹೇಳಿದ್ದು ಇದು: ಇಂಥ ದಾಳಿಯಲ್ಲಿ ಪಾಠ ತಪ್ಪುವುದು 3 ದಿನದಿಂದ 3 ವಾರ, ಪೂರ್ತಿ ಚೇತರಿಸಿಕೊಳ್ಳಲು 2ರಿಂದ 9 ತಿಂಗಳು.

ಈಗ ನೀವು ಕೇಳಿದ ವಿಷಯಕ್ಕೆ ಬರುತ್ತೇನೆ. "ಡೇಟಾ ವಾಪಸ್ ಬಂತು, ಹಾನಿ ಇಲ್ಲ" ಎನ್ನುವ ನಂಬಿಕೆ ಎಷ್ಟು ಸಲ ಹೇಳಿದರೂ ಹೋಗುವುದಿಲ್ಲ. ಅಂಗಳದ ಅಡಿಕೆ ಕದ್ದರೆ ಅಂಗಳ ಖಾಲಿ ಕಾಣುತ್ತದೆ. ಫೈಲ್ ಕದ್ದರೆ ಫೈಲ್ ಇದ್ದಲ್ಲೇ ಇರುತ್ತದೆ, ಕಳ್ಳನ ಹತ್ತಿರವೂ ಇರುತ್ತದೆ. ಈಗಿನ ಕಳ್ಳರು ಮೊದಲು ಎಲ್ಲವನ್ನೂ ಕಾಪಿ ಮಾಡಿಕೊಳ್ಳುತ್ತಾರೆ, ಆಮೇಲೆ ನಿಮ್ಮ ಫೈಲ್‌ಗಳು ತೆರೆಯದಂತೆ ಬೀಗ ಹಾಕಿ ಹಣ ಕೇಳುತ್ತಾರೆ. ನೀವು ಬೇರೆಡೆ ಇಟ್ಟುಕೊಂಡ ಪ್ರತಿ, ಅಂದರೆ ಬ್ಯಾಕಪ್, ಆ ಬೀಗವನ್ನು ದಾಟಿಸುತ್ತದೆ. ಕಳ್ಳನ ಹತ್ತಿರ ಇರುವ ಕಾಪಿಯನ್ನು ವಾಪಸ್ ತರಲು ಅದರಿಂದ ಆಗುವುದಿಲ್ಲ.

ಲಾಸ್ ಏಂಜಲೀಸ್‌ನಲ್ಲಿ ಏನಾಯಿತು ನೋಡಿ. 2022ರ ಸೆಪ್ಟೆಂಬರ್‌ನ ರಜೆಯಲ್ಲಿ ಅಲ್ಲಿನ ಶಾಲಾ ಜಿಲ್ಲೆಯ ಮೇಲೆ ದಾಳಿ ಆಯಿತು. ರಜೆ ಮುಗಿದ ಮಂಗಳವಾರ ಶಾಲೆಗಳು ಎಂದಿನಂತೆ ತೆರೆದವು. ಜಿಲ್ಲೆ ಹಣ ಕೊಡಲಿಲ್ಲ, ಕಳ್ಳರು ಅಕ್ಟೋಬರ್‌ನಲ್ಲಿ ಫೈಲ್‌ಗಳನ್ನು ಹೊರಹಾಕಿದರು. ಮಕ್ಕಳ ಮಾನಸಿಕ ಸ್ಥಿತಿಯ ದಾಖಲೆ ಅದರಲ್ಲಿ ಕಂಡಿಲ್ಲ ಎಂದು ಅಧಿಕಾರಿಗಳು ಮೊದಲು ಹೇಳಿದರು. ಅಂಥ ಸುಮಾರು 2,000 ದಾಖಲೆಗಳು ಹೋಗಿವೆ ಎಂದು ಒಪ್ಪಿಕೊಂಡದ್ದು 2023ರ ಫೆಬ್ರವರಿಯಲ್ಲಿ. ಶಾಲೆ ತೆರೆದ ದಿನಕ್ಕೇ ಲೆಕ್ಕ ಮುಗಿಸಿದ್ದರೆ ಆ ಮಕ್ಕಳ ವಿಷಯ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹಣ ಕೊಟ್ಟವರದ್ದೂ ಇದೇ ಪಾಡು. ಮಕ್ಕಳ ದಾಖಲೆ ಇಡಲು ಸಾವಿರಾರು ಶಾಲೆಗಳು ಬಳಸುವ ಪವರ್‌ಸ್ಕೂಲ್ ಕಂಪನಿಯ ಡೇಟಾ 2024ರ ಡಿಸೆಂಬರ್‌ನಲ್ಲಿ ಕಳುವಾಯಿತು. ಕಂಪನಿ ಹಣ ಕೊಟ್ಟಿತು. ಎಲ್ಲ ಅಳಿಸಿದ್ದೇವೆ ಎಂದು ಕಳ್ಳರು ವಿಡಿಯೊ ಕೂಡ ತೋರಿಸಿದರು. 2025ರ ಮೇ ತಿಂಗಳಲ್ಲಿ ಅದೇ ಡೇಟಾ ಇಟ್ಟುಕೊಂಡು ಶಾಲಾ ಜಿಲ್ಲೆಗಳಿಗೆ ಮತ್ತೆ ಬೆದರಿಕೆ ಬಂತು.

ನಮ್ಮಲ್ಲಿಗೇ ಬರೋಣ. ನೀವೆಲ್ಲ ಬಳಸಿದ, ಸರ್ಕಾರದ ಆನ್‌ಲೈನ್ ಕಲಿಕೆಯ ದೀಕ್ಷಾ ಆ್ಯಪ್‌ನ 10 ಲಕ್ಷಕ್ಕೂ ಹೆಚ್ಚು ಶಿಕ್ಷಕರ, ಸುಮಾರು 6 ಲಕ್ಷ ಮಕ್ಕಳ ಮಾಹಿತಿ ಬೀಗವಿಲ್ಲದ ಸರ್ವರ್‌ನಲ್ಲಿ ತೆರೆದೇ ಇತ್ತು. 2023ರ ಜನವರಿಯಲ್ಲಿ ಅದು ಸುದ್ದಿಯಾಯಿತು. ಆ್ಯಪ್ ನಡೆಯುತ್ತಲೇ ಇತ್ತು. ಏನೂ ನಿಲ್ಲದೆಯೂ ಹಾನಿ ಆಗುತ್ತದೆ ಎನ್ನುವುದಕ್ಕೆ ಇನ್ನೇನು ಬೇಕು?

ಹಾಗಾಗಿ ಲೆಕ್ಕದ ದೊಡ್ಡ ಭಾಗ ಇರುವುದು ಇಲ್ಲಿ: ಯಾರ ಯಾವ ಮಾಹಿತಿ ಹೋಯಿತು, ಅದನ್ನು ಬದಲಾಯಿಸಬಹುದೇ? ಪಾಸ್‌ವರ್ಡ್ ಇವತ್ತೇ ಬದಲಾಯಿಸಬಹುದು. ಬ್ಯಾಂಕ್ ಖಾತೆ ಕಷ್ಟಪಟ್ಟು ಬದಲಾಯಿಸಬಹುದು. ಹುಟ್ಟಿದ ದಿನ, ಜಾತಿ, ಅಂಗವೈಕಲ್ಯದ ವಿವರ ಬದಲಾಗುವಂಥದ್ದಲ್ಲ. ಆರು ವರ್ಷದ ಮಗುವಿನ ಮಾಹಿತಿ ಹೋದರೆ ಅದು ಜೀವನಪೂರ್ತಿ ಹೊರಗಿರುತ್ತದೆ. ಈ ವಿಷಯದಲ್ಲಿ ನನಗೆ ಸಮಾಧಾನವೇ ಇಲ್ಲ. "ಮಕ್ಕಳ ಖಾತೆಯಲ್ಲಿ ದುಡ್ಡೆಲ್ಲಿದೆ ಸಾರ್" ಅನ್ನುವವರು ಇದನ್ನು ಇನ್ನೊಮ್ಮೆ ಓದಬೇಕು. ವಿದ್ಯಾರ್ಥಿವೇತನದ ಹೆಸರು ಹೇಳಿ, ಮಗುವಿನ ತರಗತಿ ಸಮೇತ ಹೇಳಿ ಅಪ್ಪನಿಗೆ ಫೋನ್ ಬಂದರೆ ಅವರು ಒಟಿಪಿ ಕೊಡದೆ ಇರುತ್ತಾರಾ?

ಯಾವುದು ಹೋಯಿತು ಎಂದು ತಿಳಿಯುವುದು ಲಾಗ್‌ಗಳಿಂದ. ಯಾರು ಯಾವಾಗ ಒಳಗೆ ಬಂದರು, ಏನು ಹೊರಗೆ ಹೋಯಿತು ಎಂಬ ಗುರುತು ಅಲ್ಲಿರುತ್ತದೆ. ನಾವು ಮಾಡುವುದೇನು? ತಕ್ಷಣ ಕಂಪ್ಯೂಟರ್ ರಿಪೇರಿಯ ಹುಡುಗನನ್ನು ಕರೆಸಿ ಫಾರ್ಮ್ಯಾಟ್ ಹೊಡೆಸುತ್ತೇವೆ. ದಯವಿಟ್ಟು ಬೇಡ. ಅದರೊಂದಿಗೆ ಗುರುತೆಲ್ಲ ಅಳಿಸಿಹೋಗುತ್ತದೆ. ಇಂಟರ್‌ನೆಟ್ ವೈರ್ ಕಿತ್ತು, ಕಂಪ್ಯೂಟರನ್ನು ಹಾಗೇ ಬಿಟ್ಟು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ತಿಳಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸರ್ಕಾರಿ ಸಂಸ್ಥೆಗಳೂ ಇಂಥ ದಾಳಿಯನ್ನು 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು ಎಂದು ಅದೇ ಸಂಸ್ಥೆಯ 2022ರ ಏಪ್ರಿಲ್‌ನ ನಿರ್ದೇಶನ ಹೇಳುತ್ತದೆ.

ಇದನ್ನು ಬರೆಯುವಾಗ ಇನ್ನೊಂದು ವಿಷಯ ನೆನಪಾಯಿತು, ನೀವು ಕೇಳಿಲ್ಲ. ಯಾರೂ ಹ್ಯಾಕ್ ಮಾಡದೆ ನಮ್ಮ ಮಕ್ಕಳ ಮಾಹಿತಿ ಈಗಾಗಲೇ ಎಷ್ಟು ಕಡೆ ಇದೆ? ಶಾಲೆಯಲ್ಲಿ ನೆಟ್ ಇಲ್ಲ ಅಂತ ಪೇಟೆಯ ಸೈಬರ್ ಸೆಂಟರ್‌ನಲ್ಲಿ ಎಂಟ್ರಿ ಮಾಡಿಸುತ್ತೇವೆ. ಶಾಲೆಯ ಪಾಸ್‌ವರ್ಡ್ ಅಂಗಡಿಯವರ ಪುಸ್ತಕದಲ್ಲಿರುತ್ತದೆ. ಆಧಾರ್, ಪಾಸ್‌ಬುಕ್ ಫೋಟೋ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತವೆ. ಶಿಕ್ಷಕರನ್ನು ಬೈಯಬೇಕೆಂದು ನಾನು ಇದನ್ನು ಬರೆಯುತ್ತಿಲ್ಲ. ಗುಡ್ಡ ಹತ್ತಿ ಸಿಗ್ನಲ್ ಹುಡುಕುವವರಿಗೆ ಬೇರೆ ದಾರಿ ಕೊಟ್ಟಿಲ್ಲ. ಆದರೂ ಮುಂದಿನ ಸಲ ಅಂಗಡಿಗೆ ಹೋದಾಗ ಪಾಸ್‌ವರ್ಡ್ ನೀವೇ ಟೈಪ್ ಮಾಡಿ, "ಸೇವ್ ಮಾಡಲಾ" ಅಂತ ಕೇಳಿದರೆ ಬೇಡ ಅನ್ನಿ. ಏಳುವ ಮುಂಚೆ ಲಾಗ್‌ಔಟ್ ಆಗಿ, ಡೌನ್‌ಲೋಡ್ ಫೋಲ್ಡರ್‌ನಲ್ಲಿರುವ ನಿಮ್ಮ ಶಾಲೆಯ ಪಟ್ಟಿಯನ್ನು ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ.