ಫಿಲ್ಲಿಂಗ್ ಪಕ್ಕದಲ್ಲಿ ಮತ್ತೆ ಹುಳುಕು: ಸೆಕೆಂಡರಿ ಕೇರೀಸ್ ಟಿಪ್ಪಣಿ

ಮೊದಲೇ ಒಂದು ಮಾತು. ಸೆಕೆಂಡರಿ ಕೇರೀಸ್‌ನಲ್ಲಿ, ಅಂದರೆ ಫಿಲ್ಲಿಂಗ್ ಪಕ್ಕದಲ್ಲಿ ಮತ್ತೆ ಬರುವ ಹುಳುಕಿನಲ್ಲಿ, ಹಾಳಾಗುವುದು ಫಿಲ್ಲಿಂಗ್ ಅಲ್ಲ, ಅದಕ್ಕೆ ಅಂಟಿಕೊಂಡಿರುವ ಹಲ್ಲು. ಕಾರಣವೂ ಹೊಸದೇನಲ್ಲ: ಪ್ಲಾಕ್ (ಹಲ್ಲಿನ ಮೇಲೆ ಕಟ್ಟುವ ಬ್ಯಾಕ್ಟೀರಿಯಾ ಪದರ), ಸಕ್ಕರೆ, ಸಮಯ. ಪ್ಲಾಕ್‌ನ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ಕರಗಲು ಶುರು. ಅದರ ಒಳಗಿನ ಪದರವಾದ ಡೆಂಟಿನ್‌ಗೆ ಅಷ್ಟು ಆಮ್ಲವೂ ಬೇಡ, 6ರ ಮೇಲಿದ್ದಾಗಲೇ ಕರಗುತ್ತದೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದನ್ನು ಎಲ್ಲಿ ಹುಡುಕಬೇಕು? ಕ್ಲಾಸ್ 2 ಫಿಲ್ಲಿಂಗ್‌ನಲ್ಲಿ (ಹಿಂದಿನ ಹಲ್ಲುಗಳ ಪಕ್ಕದ ಮುಖಕ್ಕೆ ಹಾಕಿದ್ದು), ಎರಡು ಹಲ್ಲುಗಳ ನಡುವೆ, ಒಸಡಿನ ಕಡೆಯ ಅಂಚಿನಲ್ಲಿ. ಅಲ್ಲಿ ಬ್ರಷ್ ಹೋಗಲ್ಲ. ಎನಾಮೆಲ್ ತೆಳು, ಕೆಲವೊಮ್ಮೆ ಇರುವುದೇ ಇಲ್ಲ, ಬರೀ ಡೆಂಟಿನ್. ಫಿಲ್ಲಿಂಗ್ ಮಾಡುವಾಗ ಎಂಜಲು, ರಕ್ತ ಮೊದಲು ನುಗ್ಗುವುದೂ ಅಲ್ಲಿಗೇ. ಫಿಲ್ಲಿಂಗನ್ನು ಬೆಳಕಿನಿಂದ ಗಟ್ಟಿ ಮಾಡುವ ಲೈಟ್ ಕ್ಯೂರ್ ತುದಿಗೆ ದೂರದ ಜಾಗವೂ ಅದೇ. ಮ್ಯಾಟ್ರಿಕ್ಸ್ ಬ್ಯಾಂಡ್ (ಹಲ್ಲಿನ ಸುತ್ತ ಕಟ್ಟುವ ತೆಳು ಪಟ್ಟಿ) ಕಟ್ಟಿ, ಅದನ್ನು ಹಲ್ಲಿಗೆ ಒತ್ತಿ ಹಿಡಿಯುವ ವೆಡ್ಜ್ ಸರಿಯಾಗಿ ಕೂರಿಸದಿದ್ದರೆ ಮೆಟೀರಿಯಲ್ ಹೊರಗೆ ಚಾಚಿಕೊಳ್ಳುತ್ತದೆ. ಕೆಳದವಡೆಯ ಮೊದಲ ದವಡೆಹಲ್ಲಿನ ಪಕ್ಕ ಫ್ಲಾಸ್ (ಹಲ್ಲಿನ ಸಂದಿಯ ದಾರ) ಇಳಿಸಿ ಎಳೆದು ನೋಡಿ. ಸಿಕ್ಕಿಕೊಂಡು ಎಳೆ ಎಳೆಯಾಗಿ ಬಿಚ್ಚಿಕೊಂಡರೆ ಅಲ್ಲಿ ಓವರ್‌ಹ್ಯಾಂಗ್ (ಹೊರಗೆ ಚಾಚಿದ ಮೆಟೀರಿಯಲ್) ಇದೆಯೇ, ಅಂಚು ಬಿಟ್ಟಿದೆಯೇ ನೋಡಲೇಬೇಕು. ಹಲ್ಲುಗಳ ನಡುವಿನ ಜಾಗ ತೋರಿಸುವ ಬೈಟ್‌ವಿಂಗ್ ಎಕ್ಸ್-ರೇ ತೆಗೆಯಿರಿ.

ಎಕ್ಸ್-ರೇಯಲ್ಲಿ ಕಪ್ಪು ಕಂಡ ಕೂಡಲೇ ಹುಳುಕು ಅಂತ ಬರೆದುಬಿಡಬೇಡಿ. ಫಿಲ್ಲಿಂಗನ್ನು ಹಲ್ಲಿಗೆ ಅಂಟಿಸುವ ಬಾಂಡಿಂಗ್ ಏಜೆಂಟ್ ಜಾಸ್ತಿಯಾಗಿ ಮೂಲೆಯಲ್ಲಿ ನಿಂತಿದ್ದರೂ ಕಪ್ಪೇ ಕಾಣುತ್ತದೆ. ಕೆಲವು ಹಳೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಲೈನರ್‌ಗಳೂ (ಫಿಲ್ಲಿಂಗ್ ಅಡಿಗೆ ಹಚ್ಚುವ ತೆಳು ಪದರ) ಹಾಗೆಯೇ. ಇವುಗಳ ಗಡಿ ಸಾಮಾನ್ಯವಾಗಿ ಗೆರೆ ಎಳೆದ ಹಾಗೆ ಸ್ಪಷ್ಟ. ಹುಳುಕಿನ ನೆರಳು ಡೆಂಟಿನ್ ಒಳಗೆ ಮಸುಕಾಗಿ ಹರಡಿರುತ್ತದೆ.

ಈಗ ಮೆಟೀರಿಯಲ್‌ಗಳಿಗೆ ಬರೋಣ. ಅಮಾಲ್ಗಮ್ (ಪಾದರಸ ಬೆರೆಸಿದ ಬೆಳ್ಳಿ ಬಣ್ಣದ ಫಿಲ್ಲಿಂಗ್) ಹಲ್ಲಿಗೆ ಅಂಟುವುದಿಲ್ಲ, ಸುಮ್ನೆ ಗಟ್ಟಿಯಾಗಿ ಕೂತಿರುತ್ತದೆ. ಮೊದಲ ದಿನಗಳಲ್ಲಿ ಅಂಚಿನಲ್ಲಿ ಸೋರುತ್ತದೆ ಕೂಡ. ಆದರೆ ಕಾಲ ಕಳೆದಂತೆ ತವರದ ಆಕ್ಸೈಡ್, ಕ್ಲೋರೈಡ್‌ಗಳಂಥ ತುಕ್ಕು ಆ ಸಂದನ್ನು ಮುಚ್ಚುತ್ತದೆ. ತುಕ್ಕು ಹಿಡಿದು ಉಪಕಾರ ಮಾಡುವ ವಸ್ತು ಇದೊಂದೇ ಇರಬೇಕು! ಪಾದರಸದ ಕಾರಣಕ್ಕೆ ಯೂರೋಪಿಯನ್ ಒಕ್ಕೂಟ 2025ರ ಜನವರಿಯಿಂದ ಇದರ ಬಳಕೆಯನ್ನು ಬಹುತೇಕ ನಿಲ್ಲಿಸಿದೆ.

ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್ ಆದ ಕಾಂಪೋಸಿಟ್ ಕಥೆ ಉಲ್ಟಾ. ಮೊದಲ ದಿನ ಚೆನ್ನಾಗಿ ಅಂಟಿರುತ್ತದೆ, ಆಮೇಲೆ ಆ ಅಂಟು ಸಡಿಲವಾಗುತ್ತಾ ಹೋಗುತ್ತದೆ. ಗಟ್ಟಿಯಾಗುವಾಗಲೇ ಗಾತ್ರದಲ್ಲಿ ಸುಮಾರು 2ರಿಂದ 3 ಶೇಕಡಾ ಕುಗ್ಗುತ್ತದೆ, ಅಂಚನ್ನು ಒಳಗೆ ಎಳೆಯುತ್ತದೆ. ಎಂಜಲಿನ ಮತ್ತು ಬ್ಯಾಕ್ಟೀರಿಯಾದ ಎಸ್ಟರೇಸ್ ಕಿಣ್ವಗಳು ರೆಸಿನ್ ಕೊರೆಯುತ್ತವೆ. ಡೆಂಟಿನ್‌ನಲ್ಲೇ ಇರುವ ಎಂಎಂಪಿ ಎಂಬ ಕಿಣ್ವಗಳು ಹೈಬ್ರಿಡ್ ಪದರದ (ರೆಸಿನ್ ಮತ್ತು ಡೆಂಟಿನ್ ಬೆಸೆದ ಜಾಗ) ಕೊಲಾಜನ್ ನಾರುಗಳನ್ನು ತಿನ್ನುತ್ತವೆ. ಲಿಸ್ಬನ್‌ನ ಮಕ್ಕಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೆಕೆಂಡರಿ ಕೇರೀಸ್‌ನಿಂದ ಫಿಲ್ಲಿಂಗ್ ಕೆಡುವ ಅಪಾಯ ಅಮಾಲ್ಗಮ್‌ಗಿಂತ ಕಾಂಪೋಸಿಟ್‌ನಲ್ಲಿ 3.5 ಪಟ್ಟು ಇತ್ತು. ಹಾಗಂತ ಕಾಂಪೋಸಿಟ್ ಕೆಟ್ಟದ್ದು ಅನ್ನಲಾಗದು. ಹುಳುಕಿನ ಅಪಾಯ ಕಡಿಮೆ ಇರುವ ಬಾಯಲ್ಲಿ ಅದು ಚೆನ್ನಾಗಿಯೇ ಬಾಳುತ್ತದೆ.

ಮೂರನೆಯ ಮೆಟೀರಿಯಲ್ ಗ್ಲಾಸ್ ಅಯೊನೊಮರ್ ಹಲ್ಲಿನ ಕ್ಯಾಲ್ಸಿಯಂ ಜೊತೆ ರಾಸಾಯನಿಕವಾಗಿ ಬೆಸೆಯುತ್ತದೆ, ಫ್ಲೋರೈಡ್ ಬಿಡುತ್ತದೆ. ಆದರೆ ಹೆಚ್ಚಿನ ಫ್ಲೋರೈಡ್ ಮೊದಲ ಒಂದೆರಡು ದಿನದಲ್ಲೇ ಹೊರಬರುತ್ತದೆ, ಆಮೇಲೆ ಸ್ವಲ್ಪ ಸ್ವಲ್ಪ. ಅಗಿಯುವ ಒತ್ತಡಕ್ಕೆ ಬೇಗ ಸವೆಯುತ್ತದೆ.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಹೆಚ್ಚಿನವರು ಎಡವುವುದು ಇಲ್ಲಿ: ಅಂಚಿನಲ್ಲಿ ಕಂದು ಗೆರೆ ಇದ್ದರೆ ಫಿಲ್ಲಿಂಗ್ ತೆಗೆಯಬೇಕಾ? ಬೇಡ. ಅದು ಬರೀ ಕಲೆ ಇರಬಹುದು, ಅಮಾಲ್ಗಮ್‌ನ ಬಣ್ಣ ಇರಬಹುದು. ಚಿಕ್ಕ ಸಂದು ಕೂಡ ಹುಳುಕಿನ ಸಾಕ್ಷಿಯಲ್ಲ. ಮೆತ್ತಗಿನ ಡೆಂಟಿನ್, ಗುಳಿ, ಎಕ್ಸ್-ರೇಯಲ್ಲಿ ಹರಡಿದ ನೆರಳು, ಇವು ಸಾಕ್ಷಿ. ಚೂಪಾದ ಪ್ರೋಬ್ (ಹಲ್ಲು ಪರೀಕ್ಷಿಸುವ ಕಡ್ಡಿ) ಒತ್ತಿ ತಿವಿಯಬೇಡಿ. ಸಿಕ್ಕಿಕೊಳ್ಳುವುದು ಸಂದಿನಿಂದಲೂ ಆಗುತ್ತದೆ, ಎನಾಮೆಲ್ ಕೂಡ ಮುರಿಯಬಹುದು.

ಪೂರ್ತಿ ಬದಲಿಸಿದ ಪ್ರತಿ ಸಲವೂ ಕ್ಯಾವಿಟಿ ದೊಡ್ಡದಾಗುತ್ತದೆ, ಪಲ್ಪ್ (ಹಲ್ಲಿನೊಳಗಿನ ನರ, ರಕ್ತನಾಳಗಳ ಭಾಗ) ಹತ್ತಿರವಾಗುತ್ತದೆ. ಹುಳುಕು ಒಂದೇ ಮೂಲೆಯಲ್ಲಿದ್ದರೆ ಅಷ್ಟನ್ನೇ ತೆಗೆದು, ಉಳಿದ ಕಾಂಪೋಸಿಟ್ ಮೇಲ್ಮೈ ಒರಟು ಮಾಡಿ, ಬಾಂಡ್ ಹಚ್ಚಿ ರಿಪೇರಿ ಮಾಡಿ. ರೋಗಿಯನ್ನು ಎಬ್ಬಿಸುವ ಮುಂಚೆ ದಿನಕ್ಕೆ ಎಷ್ಟು ಸಲ ಸಕ್ಕರೆ ಹಾಕಿದ ಟೀ, ನಡುನಡುವೆ ಬಿಸ್ಕತ್ ತಿನ್ನುತ್ತಾರಾ ಅಂತ ಕೇಳಿ, ಕೇಸ್ ಶೀಟ್‌ನಲ್ಲಿ ಬರೆದುಕೊಳ್ಳಿ.