ಎ ಖಾತೆ, ಬಿ ಖಾತೆ: ಬೆಂಗಳೂರಿನ ನಿವೇಶನಕ್ಕೆ ಕಾಗದ ಬೆಲೆ ಕಟ್ಟಿದ ಬಗೆ

ಹೊರಮಾವಿನ ಆಚೆ ನಾನು ಗಿರಾಕಿಗಳನ್ನು ಆಗಾಗ ಕರೆದೊಯ್ಯುವ ಒಂದು ರಸ್ತೆಯಿದೆ. ರಸ್ತೆಯ ಎರಡೂ ಬದಿಗೆ ಮೂವತ್ತು–ನಲವತ್ತರ, ಅಂದರೆ ಮೂವತ್ತು ಅಡಿಗೆ ನಲವತ್ತು ಅಡಿ ಅಳತೆಯ ನಿವೇಶನಗಳು. ಮಣ್ಣು ಒಂದೇ, ನೀರು ತರುವ ಟ್ಯಾಂಕರ್ ಒಂದೇ, ದೀಪದ ಕಂಬವೂ ಒಂದೇ. ಆದರೂ ಎಡಬದಿಯ ನಿವೇಶನಕ್ಕೂ ಬಲಬದಿಯದಕ್ಕೂ ಬೆಲೆಯಲ್ಲಿ ಲಕ್ಷಗಟ್ಟಲೆ ಅಂತರವಿದೆ, ಏಕೆಂದರೆ ಎಡಬದಿಯವು ಪಾಲಿಕೆ ಸಕ್ರಮವೆಂದು ಒಪ್ಪಿದ ಎ ಖಾತೆಯವು, ಬಲಬದಿಯವು ಹಾಗೆ ಒಪ್ಪದೆ ತೆರಿಗೆ ಮಾತ್ರ ಕಟ್ಟಿಸಿಕೊಳ್ಳುವ ಬಿ ಖಾತೆಯವು. ಬೆಂಗಳೂರಿಗೆ ಹೊಸದಾಗಿ ಬಂದವರು ಮೊದಲು ವಾಸ್ತು, ನೀರು, ಮೆಟ್ರೊ ಎಷ್ಟು ದೂರ ಎಂದು ವಿಚಾರಿಸುತ್ತಾರೆ. ಒಮ್ಮೆ ಇಲ್ಲಿ ಜಾಗ ಕೊಂಡು ಕೈ ಸುಟ್ಟುಕೊಂಡವರು ಕಾರಿನಿಂದ ಇಳಿಯುವ ಮೊದಲೇ ‘ಯಾವ ಖಾತೆ?’ ಎಂದು ಕೇಳುತ್ತಾರೆ. ಇಪ್ಪತ್ತು ವರ್ಷ ಮನೆ–ನಿವೇಶನಗಳ ದಲ್ಲಾಳಿಯಾಗಿ ದುಡಿದ ಮೇಲೆ ಈ ಪ್ರಶ್ನೆ ಹುಟ್ಟಿದ್ದು ಎಲ್ಲಿಂದ ಎಂದು ಹಿಂದಿರುಗಿ ನೋಡಿದರೆ, ಅದರ ಬೇರು ಬಿ ಖಾತೆ ಎಂಬ ಹೆಸರಿಗಿಂತ ಬಹಳ ಹಳೆಯದು ಎಂಬುದು ಗೊತ್ತಾಗುತ್ತದೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ಖಾತೆ ಎಂಬುದು ಹಕ್ಕುಪತ್ರವಲ್ಲ. ಇಂಥ ಅಳತೆಯ ಇಂಥ ಸ್ವತ್ತಿಗೆ ಇಂಥವರು ತೆರಿಗೆ ಕಟ್ಟತಕ್ಕದ್ದು ಎಂದು ಸ್ಥಳೀಯ ಸಂಸ್ಥೆ ತನ್ನ ವಹಿಯಲ್ಲಿ ಬರೆದುಕೊಳ್ಳುವ ಲೆಕ್ಕವಷ್ಟೇ ಅದು. ಹಕ್ಕು ಬರುವುದು ನೋಂದಾಯಿತ ಕ್ರಯಪತ್ರದಿಂದ ಮತ್ತು ಅದರ ಹಿಂದಿನ ಮೂಲಪತ್ರಗಳ ಸರಣಿಯಿಂದ. ಹೀಗಿದ್ದರೂ ಎ ಖಾತೆ ಇಲ್ಲದೆ ಕಟ್ಟಡದ ನಕ್ಷೆ ಮಂಜೂರಾಗುವುದಿಲ್ಲ, ನಕ್ಷೆ ಇಲ್ಲದೆ ರಾಷ್ಟ್ರೀಕೃತ ಬ್ಯಾಂಕು ಸಾಲ ಕೊಡುವುದಿಲ್ಲ, ಸಾಲ ಸಿಗದ ನಿವೇಶನವನ್ನು ಕೈಯಲ್ಲಿ ರೊಕ್ಕ ಇರುವವರು ಬಿಟ್ಟು ಬೇರೆ ಯಾರೂ ಕೊಳ್ಳಲಾರರು. ತೆರಿಗೆಯ ಲೆಕ್ಕವೊಂದು ಬೆಲೆಯನ್ನು ತೀರ್ಮಾನಿಸುವಂತಾದದ್ದು ಹೀಗೆ.

ಬೆಂಗಳೂರಿನ ಯೋಜಿತ ಬಡಾವಣೆಗಳ ಕಥೆ 1898ರ ಪ್ಲೇಗಿನಿಂದ ಆರಂಭವಾಗುತ್ತದೆ. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡವು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು, ಸ್ವಾತಂತ್ರ್ಯದ ಹೊಸದರಲ್ಲಿ ಜಯನಗರ, 1976ರಲ್ಲಿ ಆ ಬೋರ್ಡಿನ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ನಾವೆಲ್ಲ ಹೇಳುವ ಬಿಡಿಎ ಬಂದಿತು. ಸರ್ಕಾರ ರೈತರಿಂದ ಭೂಮಿ ಸ್ವಾಧೀನಪಡಿಸಿಕೊಂಡು, ರಸ್ತೆ–ಚರಂಡಿ ಹಾಕಿ, ಅರ್ಜಿದಾರರಿಗೆ ನಿವೇಶನ ಹಂಚುವ ಈ ಪದ್ಧತಿ ಕಾಗದದ ದೃಷ್ಟಿಯಿಂದ ನಿರ್ಮಲವಾದುದು. ಇಂದಿಗೂ ‘ಬಿಡಿಎ ಸೈಟು’ ಎಂದರೆ ವಕೀಲರು ಫೈಲನ್ನು ಬೇಗ ಮುಚ್ಚುತ್ತಾರೆ. ಆದರೆ ಊರು ಬೆಳೆದ ವೇಗಕ್ಕೆ ಹಂಚಿಕೆಯ ವೇಗ ಯಾವತ್ತೂ ಸರಿಸಾಟಿಯಾಗಲಿಲ್ಲ. ಒಂದೆರಡು ಬಡಾವಣೆಗಳ ಕಥೆಯೇ ಇದಕ್ಕೆ ಸಾಕ್ಷಿ: ಅರ್ಕಾವತಿ ಬಡಾವಣೆಗೆ 2003ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟಿತು, ಅದರ ವ್ಯಾಜ್ಯ ಹೈಕೋರ್ಟು ದಾಟಿ 2010ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು, 2008ರಲ್ಲಿ ಅಧಿಸೂಚನೆಯಾದ ಶಿವರಾಮ ಕಾರಂತ ಬಡಾವಣೆಗೆ ಸುಪ್ರೀಂ ಕೋರ್ಟು ಮರುಜೀವ ಕೊಟ್ಟದ್ದು 2018ರಲ್ಲಿ. ಹತ್ತು ವರ್ಷ ಬಾಡಿಗೆ ಮನೆಯಲ್ಲಿ ಕುಳಿತು ಕಾಯುವ ಸಂಸಾರಗಳು ಎಷ್ಟಿರಲು ಸಾಧ್ಯ?

ಹಂಚಿಕೆಯಾದ ನಿವೇಶನದಲ್ಲಿಯೂ ಒಂದು ಕೊಕ್ಕೆ ಇತ್ತು. ಬಿಡಿಎ ನೇರವಾಗಿ ಕ್ರಯಪತ್ರ ಕೊಡದೆ, ಹತ್ತು ವರ್ಷಗಳ ಗುತ್ತಿಗೆ–ಕ್ರಯ ಕರಾರು ಮಾಡಿಕೊಡುತ್ತಿತ್ತು. ಆ ಅವಧಿಯಲ್ಲಿ ಮಾರುವಂತಿರಲಿಲ್ಲ. ಮನೆ ಕಟ್ಟಲು ಹಣವಿಲ್ಲದವರು, ಮಗಳ ಮದುವೆಗೆ ರೊಕ್ಕ ಬೇಕಾದವರು ಮಾಡುವುದೇನು? ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರವಾದ ಜನರಲ್ ಪವರ್ ಆಫ್ ಅಟಾರ್ನಿ (ಜಿಪಿಎ) ಬರೆದುಕೊಟ್ಟು, ಜೊತೆಗೊಂದು ಮಾರಾಟದ ಕರಾರು ಮಾಡಿ, ಪೂರ್ತಿ ಹಣ ಪಡೆದು ನಿವೇಶನವನ್ನು ಕೈಬಿಡುತ್ತಿದ್ದರು. ಜಿಪಿಎ ಎಂಬ ಮೂರಕ್ಷರ ದಲ್ಲಾಳಿಗಳ ಬಾಯಲ್ಲಿ ಮನೆಮಾತಾದದ್ದು ಆಗ. ಇಂಥ ಪತ್ರಗಳಿಂದ ಸ್ಥಿರಾಸ್ತಿಯ ಒಡೆತನ ವರ್ಗಾವಣೆಯಾಗುವುದಿಲ್ಲ ಎಂದು 2011ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸುವ ಹೊತ್ತಿಗೆ ಅನೇಕ ನಿವೇಶನಗಳು ಮೂರು–ನಾಲ್ಕು ಕೈ ದಾಟಿಯಾಗಿತ್ತು, ಜಿಪಿಎ ಬರೆದುಕೊಟ್ಟ ಮೂಲ ಹಂಚಿಕೆದಾರರಲ್ಲಿ ಕೆಲವರು ಬದುಕಿಯೂ ಇರಲಿಲ್ಲ.

ಎಂಬತ್ತರ ದಶಕದಲ್ಲಿ ಗೃಹ ನಿರ್ಮಾಣ ಸಹಕಾರ ಸಂಘಗಳು ಇನ್ನೊಂದು ದಾರಿ ತೆರೆದವು. ಕಾರ್ಖಾನೆ, ಬ್ಯಾಂಕು, ಇಲಾಖೆಗಳ ನೌಕರರ ಹೆಸರಿನಲ್ಲಿ ಹುಟ್ಟಿದ ಈ ಸಂಘಗಳಿಗಾಗಿ ಸರ್ಕಾರವೇ ಭೂಮಿ ಸ್ವಾಧೀನ ಮಾಡಿಕೊಡುತ್ತಿತ್ತು. ನಮ್ಮ ವೃತ್ತಿಗೆ ಕಪ್ಪುಚುಕ್ಕೆ ಹತ್ತಿದ್ದೂ ಇಲ್ಲಿಯೇ ಎನ್ನಬೇಕು. ಅಂಥದೊಂದು ನೌಕರರ ಸಂಘದ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು ಸ್ವಾಧೀನವನ್ನು ರದ್ದುಗೊಳಿಸಿದ ತೀರ್ಪನ್ನು ಎತ್ತಿಹಿಡಿಯಿತು. ಸ್ವಾಧೀನದ ಅಧಿಸೂಚನೆಗಳನ್ನು ಸರ್ಕಾರದಿಂದ ಹೊರಡಿಸಿಕೊಡುವುದಕ್ಕೇ ಸಂಘವು ಮಧ್ಯವರ್ತಿಯೊಬ್ಬರೊಂದಿಗೆ ಹಣದ ಕರಾರು ಮಾಡಿಕೊಂಡಿತ್ತು ಎಂಬುದು ಆ ತೀರ್ಪಿಗೆ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ನಿವೇಶನ ತೋರಿಸಿ ಕಮಿಷನ್ ಪಡೆಯುವವನಿಗೂ ಸರ್ಕಾರದ ಆದೇಶವನ್ನೇ ಮಾರುವವನಿಗೂ ‘ಬ್ರೋಕರ್’ ಎಂಬ ಒಂದೇ ಹೆಸರಿರುವುದು ನಮ್ಮ ದುರದೃಷ್ಟ. ಜನ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಹಜವೇ.

ಈ ಎರಡು ದಾರಿಗಳಲ್ಲೂ ಜಾಗ ಸಿಗದವರು ಹೋದದ್ದು ರೆವಿನ್ಯೂ ಸೈಟುಗಳಿಗೆ, ಅಂದರೆ ಪರಿವರ್ತನೆಯಾಗದ ಕೃಷಿಭೂಮಿಯಲ್ಲಿ ಮಾಡಿದ ನಿವೇಶನಗಳಿಗೆ. ಭೂಸುಧಾರಣಾ ಕಾಯ್ದೆಯಲ್ಲಿ 1974ರಿಂದ ಜಾರಿಗೆ ಬಂದ 79ಎ ಮತ್ತು 79ಬಿ ಕಲಮುಗಳ ಪ್ರಕಾರ ಕೃಷಿಕನಲ್ಲದವನು, ನಿಗದಿತ ಮಿತಿಗಿಂತ ಹೆಚ್ಚು ಆದಾಯವುಳ್ಳವನು ಕೃಷಿಭೂಮಿ ಕೊಳ್ಳುವಂತಿರಲಿಲ್ಲ. ಈ ಕಲಮುಗಳು ರದ್ದಾದದ್ದು 2020ರಲ್ಲಿ. ಹೊಲವನ್ನು ವಾಸದ ಉದ್ದೇಶಕ್ಕೆ ಪರಿವರ್ತಿಸಲು ಭೂಕಂದಾಯ ಕಾಯ್ದೆಯ 95ನೇ ಕಲಮಿನ ಆದೇಶ ಬೇಕು, ಆ ಮೇಲೆ ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು, ಒಪ್ಪಿಗೆ ಬೇಕೆಂದರೆ ಉದ್ಯಾನಕ್ಕೂ ಅಗಲವಾದ ರಸ್ತೆಗೂ ಜಾಗ ಬಿಡಬೇಕು. ಊರಂಚಿನಲ್ಲಿ ಎರಡು ಎಕರೆ ಇದ್ದ ರೈತನಿಗೆ, ಅದು ಇಂದಲ್ಲ ನಾಳೆ ಸ್ವಾಧೀನಕ್ಕೆ ಹೋಗಿ ಅಲ್ಪ ಪರಿಹಾರ ಸಿಗುತ್ತದೆ ಎಂಬ ಭಯ ಒಂದು ಕಡೆ, ಈ ಕಚೇರಿಗಳ ಅಲೆದಾಟ ಇನ್ನೊಂದು ಕಡೆ. ಅವನು ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು, ಹೊಲವನ್ನು ಮೂವತ್ತು–ನಲವತ್ತರ ತುಂಡುಗಳಾಗಿ ಮಾರಿದ. ಗ್ರಾಮಠಾಣಾ, ಅಂದರೆ ಹಳ್ಳಿಯ ವಾಸದ ಜಾಗದ ಗಡಿಯೊಳಗಿನ ಮನೆಗಳಿಗೆ ಮಾತ್ರ ಕೊಡಬೇಕಾದ ಪಂಚಾಯಿತಿ ಖಾತೆಯನ್ನು ಗಡಿಯಾಚೆಯ ಹೊಲಕ್ಕೂ ಬರೆದುಕೊಡುವ ಕಾರ್ಯದರ್ಶಿಗಳು ಸಿಕ್ಕಿದರು, ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರಗಳೂ ನೋಂದಣಿಯಾದವು. ಕೊಂಡವರು ಕಳ್ಳರಲ್ಲ, ಮುದ್ರಾಂಕ ಶುಲ್ಕ ಕಟ್ಟಿದ್ದರು, ವರ್ಷವರ್ಷ ಕಂದಾಯದ ರಸೀತಿ ಇಟ್ಟುಕೊಂಡಿದ್ದರು.

2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿದಾಗ ಈ ಸಾವಿರಾರು ತುಂಡುಗಳು ಒಮ್ಮೆಗೇ ಅದರ ಮಡಿಲಿಗೆ ಬಿದ್ದವು. ಸಕ್ರಮವೆಂದು ಒಪ್ಪಿಕೊಳ್ಳುವುದಕ್ಕೆ ಕಾನೂನು ಬಿಡದು, ತೆರಿಗೆ ಬಿಡುವುದಕ್ಕೆ ಪಾಲಿಕೆಗೆ ಮನಸ್ಸಿಲ್ಲ. ಹಾಗಾಗಿ ತೆರಿಗೆ ವಸೂಲಿಗೆಂದೇ ಬೇರೊಂದು ವಹಿ ತೆರೆಯಲಾಯಿತು. ಅದೇ ಬಿ ವಹಿ. ಜನರ ಬಾಯಲ್ಲಿ ಬಿ ಖಾತೆ. ಆಡಳಿತದ ಅನುಕೂಲಕ್ಕೆ ಮಾಡಿಕೊಂಡ ಈ ತಾತ್ಕಾಲಿಕ ಏರ್ಪಾಡು ಮಾರುಕಟ್ಟೆಯಲ್ಲಿ ಜಾತಿಯಂತೆ ನೆಲೆಯೂರಿತು ಎಂಬುದು ನನ್ನ ಅಭಿಪ್ರಾಯ. ಅಕ್ರಮ–ಸಕ್ರಮ ಯೋಜನೆಯ, ಅಂದರೆ ದಂಡ ಕಟ್ಟಿಸಿಕೊಂಡು ಅಕ್ರಮವಾದದ್ದನ್ನು ಸಕ್ರಮ ಮಾಡುವ ಯೋಜನೆಯ ನಿಯಮಗಳು 2014ರಲ್ಲಿ ಬಂದಾಗ ಬಿ ಖಾತೆಯ ಬೆಲೆ ಸ್ವಲ್ಪ ಚಿಗುರಿತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಾಗ ಅದೇ ವೇಗದಲ್ಲಿ ಬಾಡಿತು. ಆಗ ‘ಇನ್ನೇನು ಎ ಆಗುತ್ತದೆ’ ಎಂಬ ಮಾತನ್ನು ನಂಬಿಸಿ ಮಾರಿದ ದಲ್ಲಾಳಿಗಳು ಇದ್ದರು. ನಾನೂ ಒಂದೆರಡು ಸಲ ಆ ಮಾತು ಆಡಿದ್ದೇನೆ.

ಸ್ಥಿರಾಸ್ತಿ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ ಏಜೆಂಟರಿಗೂ ನೋಂದಣಿಯನ್ನು ಕಡ್ಡಾಯ ಮಾಡಿತು, ನೋಂದಣಿಯಾಗದ ಯೋಜನೆಯ ಮಾರಾಟದಲ್ಲಿ ಕೈಹಾಕಬಾರದೆಂದಿತು. ಒಳ್ಳೆಯದೇ ಆಯಿತು. ಆದರೆ 500 ಚದರ ಮೀಟರಿಗಿಂತ ಚಿಕ್ಕ ಯೋಜನೆಗಳು ಮತ್ತು ಒಬ್ಬರಿಂದ ಒಬ್ಬರಿಗೆ ಆಗುವ ಮರುಮಾರಾಟ ಅದರ ವ್ಯಾಪ್ತಿಗೆ ಬರುವುದಿಲ್ಲ. ಬಿ ಖಾತೆಯ ವ್ಯವಹಾರದ ಬಹುಪಾಲು ಇರುವುದೇ ಅಲ್ಲಿ. ನಮ್ಮ ದಿನಚರಿಯನ್ನು ನಿಜವಾಗಿ ಬದಲಿಸಿದ್ದು ಇ–ಖಾತೆ, ಅಂದರೆ ಕಂಪ್ಯೂಟರಿನಲ್ಲಿ ಸಿಗುವ ಖಾತೆ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಅದಿಲ್ಲದೆ ಕ್ರಯಪತ್ರ ನೋಂದಣಿಯಾಗುವುದಿಲ್ಲ. ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ಮ್ಯುಟೇಷನ್, ಪರಿವರ್ತನೆ ಆದೇಶ, ನಮೂನೆ 15ರ ಋಣಭಾರ ಪತ್ರ ಎಲ್ಲವನ್ನೂ ಜೋಡಿಸಿ ವಕೀಲರ ಮೇಜಿಗೆ ಒಯ್ಯುತ್ತಿದ್ದ ನಾವು ಈಗ ಮೊದಲು ನೋಡುವುದು ಕಂಪ್ಯೂಟರಿನಲ್ಲಿ ಮಾಲೀಕರ ಹೆಸರು ಮತ್ತು ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಹೊಂದುತ್ತವೆಯೇ ಎಂಬುದನ್ನು. ಕಾಗದದಲ್ಲಿ ಮೂವತ್ತು ವರ್ಷ ಅಡಗಿದ್ದ ತಪ್ಪುಗಳು, ಅಂದರೆ ತಂದೆಯ ಹೆಸರಿನ ಒಂದಕ್ಷರ, ಪೂರ್ವ–ಪಶ್ಚಿಮ ಅದಲುಬದಲಾದ ಅಳತೆ, ಎಲ್ಲವೂ ಪರದೆಯ ಮೇಲೆ ಎದ್ದು ಕಾಣುತ್ತವೆ. ಒಂದು ಅಕ್ಷರ ತಿದ್ದಿಸುವುದರಲ್ಲಿ ವ್ಯವಹಾರವೇ ಮುರಿದುಬಿದ್ದದ್ದನ್ನು ಕಂಡಿದ್ದೇನೆ.

2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಪಾಲಿಕೆ ಐದಾಗಿ ಒಡೆದ ಮೇಲೆ, 2,000 ಚದರ ಮೀಟರ್‌ವರೆಗಿನ ಬಿ ಖಾತೆ ನಿವೇಶನಗಳನ್ನು, ಸರ್ಕಾರವೇ ನಿಗದಿಪಡಿಸುವ ಮಾರ್ಗಸೂಚಿ ಮೌಲ್ಯದ ಶೇ 5ರಷ್ಟು ಶುಲ್ಕ ಕಟ್ಟಿಸಿಕೊಂಡು ಎ ಖಾತೆಗೆ ತರುವ ಯೋಜನೆಯನ್ನು ಸರ್ಕಾರ ಪ್ರಕಟಿಸಿತು. ಅದು ಪ್ರಕಟವಾದ ಕೆಲವು ದಿನಗಳಲ್ಲಿ ಚನ್ನರಾಯಪಟ್ಟಣ ಕಡೆಯ ನಿವೃತ್ತ ಮೇಷ್ಟರೊಬ್ಬರು ನನ್ನ ಕಚೇರಿಗೆ ಬಂದರು. ತೊಂಬತ್ತರ ದಶಕದಲ್ಲಿ ಪಿ.ಎಫ್. ಹಣ ತೆಗೆದು ಕೊಂಡಿದ್ದ ಮೂವತ್ತು–ನಲವತ್ತರ ನಿವೇಶನ, ಮೇಲೆ ಎರಡು ಕೋಣೆಯ ಶೀಟಿನ ಮನೆ. ಕಂದಾಯದ ರಸೀತಿಗಳನ್ನು ವರ್ಷವಾರು ಜೋಡಿಸಿ, ಹಳೆಯ ಲಗ್ನಪತ್ರಿಕೆಯ ಕವರಿನಲ್ಲಿ ಇಟ್ಟುಕೊಂಡಿದ್ದರು. ಇಂದಿನ ಮಾರ್ಗಸೂಚಿ ದರವನ್ನು ನಾನು ಹೇಳಿದೆ. ಅವರು ಒಂದು ರಸೀತಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗುಣಿಸಿ, ಶೇಕಡಾ ಐದು ತೆಗೆದು, ಕನ್ನಡಕ ಸರಿಪಡಿಸಿಕೊಂಡು ಇನ್ನೊಮ್ಮೆ ನೋಡಿದರು.

‘ಆವತ್ತು ಇಡೀ ಸೈಟಿಗೆ ನಾನು ಕೊಟ್ಟಿದ್ದೇ ಇಷ್ಟಿರಲಿಲ್ಲವಲ್ಲ, ಸ್ವಾಮಿ’ ಎಂದರು. ಆಮೇಲೆ ರಸೀತಿಯನ್ನು ಮೊದಲಿದ್ದ ಜಾಗದಲ್ಲಿಯೇ, ಅದರ ವರ್ಷದ ಸರದಿಯಲ್ಲಿ ಸೇರಿಸಿ, ಅರ್ಜಿಗೆ ಏನೇನು ಬೇಕು ಎಂದು ಕೇಳಿದರು.